ಬಿರುಕು ಹುಡುಕುವ ಕೆಲಸ

ಬೆಳಗಾವಿಯಿಂದ ನಮ್ಮ ಮಾರ್ಕೆಟ್ ಯಾರ್ಡಿಗೆ ಬರುವ ಲಾರಿಗಳು ಹತ್ತರಗಿ ದಾಟಿಯೇ ಬರುತ್ತವೆ. ಅಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ ಎಂದರೆ ನಮ್ಮತ್ತೆ ನಂಬಲೇ ಇಲ್ಲ!

ಅಜಿತ್ ಪ್ರಭು, ಅರವಿಂದ ಮೆಳ್ಳಿಗೇರಿ 1997ರಲ್ಲಿ ಅಮೆರಿಕದಲ್ಲಿ ಕ್ವೆಸ್ಟ್ ಶುರುಮಾಡಿದ್ದು ಎಂಜಿನಿಯರಿಂಗ್ ಸೇವೆಗೆ. ಅದರ ತಯಾರಿಕಾ ವಿಭಾಗವೇ ಮುಂದೆ ಏಕಸ್ ಆಗಿ ಹತ್ತರಗಿಯಲ್ಲಿ ಬೆಳೆಯಿತು. ಲೋಹ ಕತ್ತರಿಸಿ ಕೊಟ್ಟರೆ ಸಾಲದು. ಹೊಳೆಯುವ ದ್ರವ ಸವರಿ, ತೊಳೆದು, ನೇರಳಾತೀತ ಬೆಳಕಿನಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಹುಡುಕಬೇಕು. ಕೆನಡಾದ ಮೆಗೆಲನ್ ಜೊತೆಗೂಡಿ ಆ ಪರೀಕ್ಷೆಯನ್ನೂ ಅಲ್ಲೇ ಮಾಡುತ್ತಾರೆ. ಬೆಳವಣಿಗೆಯ ಗುಟ್ಟು ಇದೇ ಎಂದು ನನಗನಿಸುತ್ತದೆ.

ಎಂಟೆಕ್ ಮುಗಿಸಿ ನಾನು ಊರು ಬಿಟ್ಟು ಇಲ್ಲಿ ಸಾಫ್ಟ್‌ವೇರ್ ಸೇರಿದೆ. ಈಗ ಅಕ್ಕನ ಮಗಳು ಕೇಳುತ್ತಾಳೆ, “ಮೌಶಿ, ಮೆಕ್ಯಾನಿಕಲ್ ತೊಗೊಳ್ಲೇನು?” ಮನೆಯಲ್ಲಿ “ಹುಡುಗಿಗೆ ಫ್ಯಾಕ್ಟರಿ ಯಾಕ?” ಅಂತಾರೆ. ತೊಗೋ ಅಂದೀನಿ. ಭಾವನಿಗೆ ಇನ್ನೂ ಹೇಳಬೇಕು.