ತಪ್ಪಿದ ಮಕ್ಕಳಿಗೂ ವಾಯಿದೆ ಕೊಡೋಣ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೊಮ್ಮೆ ನಮ್ಮೂರಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕದ್ದನೆಂದು ಹದಿನೈದು ವರ್ಷದ ಹುಡುಗನೊಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆದರು. ನಾವೂ ನಿಂತು ನೋಡಿದೆವು, ಬಿಡಿಸಲಿಲ್ಲ. ಆಮೇಲೆ ಅವನು ಶಾಲೆ ಕಡೆ ತಲೆ ಹಾಕಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಮೊದಲು ಇಂಥ ಮಕ್ಕಳಿಗೆ ರಾಜ್ಯಕ್ಕೊಂದು ಕಾನೂನಿತ್ತು. ನಮ್ಮಲ್ಲಿ 1964ರ ಕರ್ನಾಟಕ ಮಕ್ಕಳ ಕಾಯಿದೆ. 1986ರಲ್ಲಿ ಜಮ್ಮು-ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಒಂದೇ ಬಾಲ ನ್ಯಾಯ ಕಾಯಿದೆ ಬಂತು. ಆದರೆ ಗಂಡುಹುಡುಗರಿಗೆ 16 ತುಂಬಿದರೆ ದೊಡ್ಡವರ ಲೆಕ್ಕ. 2000ದ ಕಾಯಿದೆ ಗಂಡು-ಹೆಣ್ಣು ಇಬ್ಬರಿಗೂ 18 ಎಂದಿತು. ಈಗಿರುವುದು 2015ರ ಕಾಯಿದೆ. 16 ದಾಟಿದವರು ಕೊಲೆಯಂಥ ಘೋರ ಅಪರಾಧ ಮಾಡಿದ್ದರೆ ಮಾತ್ರ, ಬಾಲ ನ್ಯಾಯ ಮಂಡಳಿ ಪರಿಶೀಲಿಸಿ, ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು.

ಮಕ್ಕಳನ್ನು ಲಾಕಪ್ಪಿಗೆ, ಜೈಲಿಗೆ ಹಾಕುವಂತಿಲ್ಲ. ಹಿಡಿದರೆ ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮಂಡಳಿ ಮುಂದೆ ತರಬೇಕು. ದಿಕ್ಕಿಲ್ಲದ ಮಕ್ಕಳಿಗೆ ಮಕ್ಕಳ ಕಲ್ಯಾಣ ಸಮಿತಿ ಇದೆ. ಯಾವ ಮಗು ಕಷ್ಟದಲ್ಲಿದ್ದರೂ 1098ಕ್ಕೆ ಫೋನು ಮಾಡಿ, ದುಡ್ಡು ಬೀಳೋದಿಲ್ಲ.

ಕಾನೂನು ಎಷ್ಟು ಸಲ ತಿದ್ದಿದರೂ, ಕಂಬದ ಹತ್ತಿರ ಮೊದಲು ಇರೋರು ನಾವೇ ತಾನೆ? ಕಂತು ತಪ್ಪಿದ ಸದಸ್ಯರಿಗೆ ನಮ್ಮ ಸಂಘ ವಾಯಿದೆ ಕೊಡುತ್ತೆ. ದಾರಿ ತಪ್ಪಿದ ಮಕ್ಕಳಿಗೂ ಕೊಡೋಣ.