ಮತ್ತಿನಲ್ಲಿ ಮಲಗಿದವರ ಮುಂದೆ

ಆದೋನಿ, ಆಲೂರು, ಹೊಳಗುಂದದ ಕಡೆಯವರು ದೊಡ್ಡ ಆಪರೇಷನ್ ಎಂದರೆ ಕರ್ನೂಲಿಗೋ ಬಳ್ಳಾರಿಗೋ ಹೊರಡುತ್ತಾರೆ. 1953ರವರೆಗೆ ಈ ಸೀಮೆ ಬಳ್ಳಾರಿ ಜಿಲ್ಲೆಯದೇ. ಕನ್ನಡ, ತೆಲುಗು ಎರಡೂ ಇಲ್ಲಿಯ ಕಿವಿಗೆ ಒಗ್ಗಿದವು. ಥಿಯೇಟರಿನಲ್ಲಿ ಯಾವುದರಲ್ಲಿ ಮಾತಾಡಿದರೂ ಮಲಗಿದವರಿಗೆ ತಿಳಿಯುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗಲಂತೂ ಅವರು ಎಚ್ಚರವಾಗಿಯೇ ಇರುತ್ತಾರೆ. ಆದರೆ ಪೂರ್ತಿ ಮತ್ತು ಕೊಟ್ಟ ಮೇಲೆ?

1965ರಲ್ಲಿ ದಕ್ಷಿಣ ಆಫ್ರಿಕಾದ ಬರ್ನಾರ್ಡ್ ಲೆವಿನ್ಸನ್ ಒಂದು ಪ್ರಯೋಗ ಪ್ರಕಟಿಸಿದರು. ಆಳವಾದ ಮತ್ತಿನಲ್ಲಿದ್ದ ಹತ್ತು ಜನರ ಎದುರು, ರೋಗಿಯ ತುಟಿ ನೀಲಿಗಟ್ಟುತ್ತಿದೆ ಎಂದು ಬೇಕೆಂದೇ ಗಾಬರಿಯ ಮಾತು ಆಡಿಸಿದ್ದರು. ತಿಂಗಳ ನಂತರ ಸಂಮೋಹನದಲ್ಲಿ ನಾಲ್ವರು ಆ ಮಾತನ್ನು ಹೆಚ್ಚುಕಡಿಮೆ ಹಾಗೆಯೇ ಒಪ್ಪಿಸಿದರಂತೆ. ಮುಂದೆ ಬೇರೆಯವರಿಗೆ ಇಷ್ಟು ಸ್ಪಷ್ಟವಾದ ಫಲ ಸಿಗಲಿಲ್ಲ. ಫಲ ಏನೇ ಇರಲಿ, ಎದ್ದು ಕೇಳಲಾರದವರ ಕಿವಿಗೆ ಸುಳ್ಳು ಭಯ ತುಂಬಿದ್ದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕೆ ತಿರುಗುಮುರುಗಾದ ಕೆಲಸ 2020ರಲ್ಲಿ ಜರ್ಮನಿಯಿಂದ ಬಂತು. ಐದು ಆಸ್ಪತ್ರೆಗಳ 385 ರೋಗಿಗಳ ಮೇಲೆ ನಡೆದ ಅಧ್ಯಯನ. ಮತ್ತಿನಲ್ಲಿದ್ದಾಗ ಅರ್ಧದಷ್ಟು ಜನರ ಕಿವಿಗೆ ಸಂಗೀತವನ್ನೂ ಧೈರ್ಯದ ಮಾತನ್ನೂ ಕೇಳಿಸಿದರು. ಎದ್ದ ಮೇಲೆ ಅವರಿಗೆ ನೋವು ಕಡಿಮೆಯಿತ್ತು, ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಮನಸ್ಸಿಗೆ ನೆನಪಿಲ್ಲದ್ದನ್ನೂ ದೇಹ ಎಲ್ಲೋ ಇಟ್ಟುಕೊಳ್ಳುತ್ತದೇನೋ! ಆಪರೇಷನ್ ಟೇಬಲ್ಲಿನ ಪಕ್ಕ ರೋಗಿಯ ಮೈಬಣ್ಣ, ದಪ್ಪ, ಬಡತನ ಆಡಿಕೊಳ್ಳುವವರು ಇದನ್ನು ಕೇಳಬೇಕು.

ಪೂರ್ತಿ ಮತ್ತಿನ ನಡುವೆಯೂ ಎಚ್ಚರವಾಗಿ ಕೇಳಿಸಿಕೊಂಡವರು ಬಹಳ ಅಪರೂಪ, ಹೆದರಬೇಕಿಲ್ಲ. 2014ರ ಬ್ರಿಟನ್-ಐರ್ಲೆಂಡ್ ವರದಿಯಲ್ಲಿ ತಾವಾಗಿಯೇ ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು. ಆದರೆ ಒಬ್ಬೊಬ್ಬರನ್ನೂ ಕೂರಿಸಿ ಕೇಳಿದ ಅಧ್ಯಯನಗಳಲ್ಲಿ ಸಾವಿರಕ್ಕೆ ಒಬ್ಬಿಬ್ಬರು. ನಡುವಿನ ಅಷ್ಟು ಜನ ಯಾಕೆ ಸುಮ್ಮನಿದ್ದರು? ಯಾರೂ ಕೇಳಲಿಲ್ಲ, ಹೇಳಿದರೆ ನಂಬುತ್ತಾರೋ ಇಲ್ಲವೋ ಎಂಬ ಅಂಜಿಕೆಯೂ ಇದ್ದೀತು. ನಮ್ಮ ಹಳ್ಳಿಯ ಹಿರಿಯರಂತೂ ಡಾಕ್ಟರ ಮುಂದೆ "ಏನಿಲ್ಲ ಬಿಡ್ರಿ ಸಾರ್" ಎಂದುಬಿಡುತ್ತಾರೆ.

ಆಪರೇಷನ್ ಆದವರು ಮನೆಗೆ ಬಂದ ಮೇಲೆ ನೀವೇ ಕೇಳಿ. ನಿದ್ದೆ ಹತ್ತುವ ಮುಂಚೆ ಕಡೆಯದಾಗಿ ಏನು ನೆನಪಿದೆ? ಎದ್ದಾಗ ಮೊದಲು ಏನು? ನಡುವೆ ಏನಾದರೂ ಕೇಳಿಸಿತಾ? ಕನಸು ಬಿತ್ತಾ? ಹೌದು ಎಂದರೆ ಅದು ಭ್ರಮೆ ಎಂದು ತಳ್ಳಿಹಾಕಬೇಡಿ. ಅರಿವಳಿಕೆ ಕೊಟ್ಟ ಡಾಕ್ಟರಿಗೆ ತಿಳಿಸಿ. ಮುಂದೊಂದು ಆಪರೇಷನ್ ಆಗಬೇಕಾದರೆ, ಆ ಮಾತು ಅವರಿಗೆ ಮೊದಲೇ ಗೊತ್ತಿರಬೇಕು.