ಸಾಲು ಉದ್ದವಾದರೆ ಸಾಗಾಟ ಹೆಚ್ಚೀತೆ?

ಸುಗ್ಗಿಯಲ್ಲಿ ಗಂಗಾವತಿಗೆ ಹೋದವರು ಅಕ್ಕಿ ಗಿರಣಿಗಳ ಮುಂದೆ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿರುವುದನ್ನು ಕಂಡಿರಬಹುದು. ಗಿರಣಿಗೆ ತೂಕದ ಕಾಟಾ ಒಂದೇ ಎನ್ನಿ. ಒಂದು ಗಾಡಿ ಇಳಿಯುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿದ್ದರೆ ಕಾಟಾಕ್ಕೆ ಬಿಡುವೇ ಇರದು. ಹಿಂದೆ ಇನ್ನೂ ಐವತ್ತು ಗಾಡಿ ಬಂದು ನಿಂತವೆಂದು ತೂಗುವ ಚೀಲಗಳೇನೂ ಹೆಚ್ಚುವುದಿಲ್ಲ. ಕಾಯುವ ಹೊತ್ತು ಮಾತ್ರ ಹೆಚ್ಚುತ್ತದೆ.

ಕೊಪ್ಪಳದ ನಮ್ಮ ಮನೆಯಲ್ಲಿ ಆದದ್ದೂ ಇದೇ. ಕುಷ್ಟಗಿಯಲ್ಲಿರುವ ತಂಗಿಯನ್ನು ಅಂತರಜಾಲದ ಕರೆಯಲ್ಲಿ, "ಅವ್ವ ಊಟ ಮಾಡ್ಯಾಳೇನು?" ಎಂದು ಕೇಳಿದೆ. ಉತ್ತರವಿಲ್ಲ. ಎಂಬತ್ತು ದಾಟಿದ ತಾಯಿ ಹಾಸಿಗೆ ಹಿಡಿದಿರುವಾಗ ಆ ಮೌನಕ್ಕೆ ಮನಸ್ಸು ಏನೇನು ಅರ್ಥ ಕಟ್ಟಿಕೊಂಡೀತೆಂದು ನೀವೇ ಊಹಿಸಿರಿ! ಒಳಕೋಣೆಯಲ್ಲಿ ಮಗನು ಮದುವೆಯ ವಿಡಿಯೋವನ್ನು ಬಂಧುಗಳಿಗೆ ಕಳುಹಿಸುತ್ತಿದ್ದನು.

ಲೆಕ್ಕ ಸುಲಭ. ಮನೆಯಿಂದ ಹೊರಹೋಗುವ ದಾರಿ ಸೆಕೆಂಡಿಗೆ 10 ಲಕ್ಷ ಬಿಟ್ ಸಾಗಿಸಬಲ್ಲದೆನ್ನೋಣ. ರೌಟರ್ ಪೆಟ್ಟಿಗೆಯ ಉಗ್ರಾಣದಲ್ಲಿ 20 ಲಕ್ಷ ಬಿಟ್ ಆಗಲೇ ತುಂಬಿದ್ದರೆ, ನನ್ನ ಒಂದು ಮಾತು ಹೊರಬೀಳಲು 2 ಸೆಕೆಂಡು ಬೇಕು. ಸಂಭಾಷಣೆ ಸುಗಮವಾಗಿರಲು ಒಂದು ಕಡೆಯ ಪಯಣ 150 ಮಿಲಿಸೆಕೆಂಡಿನೊಳಗೆ ಮುಗಿಯಬೇಕೆಂಬುದು ಬಲ್ಲವರ ಮತ. ಹಾಗೆಂದು ಉಗ್ರಾಣವೇ ಬೇಡವೆನ್ನಲಾಗದು. ಗಾಡಿಗಳು ಒಂದೇ ಸಮನೆ ಬರುವುದಿಲ್ಲವಾದುದರಿಂದ ಕಾಟಾ ಆಗಾಗ ಬರಿದಾದೀತು.

1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೇವಲ 400 ಗಜ ದೂರದ ಎರಡು ಸಂಸ್ಥೆಗಳ ನಡುವೆ, ಸಾಗಾಟವು ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಯಂತ್ರಗಳು ಕಳುಹಿದ್ದನ್ನೇ ಮತ್ತೆ ಮತ್ತೆ ಕಳುಹಿ ದಾರಿಯನ್ನು ಕಟ್ಟಿಹಾಕಿದ್ದವು. ವ್ಯಾನ್ ಜೇಕಬ್ಸನ್ ಎಂಬವರು 1988ರಲ್ಲಿ ಪ್ರಕಟಿಸಿದ ಉಪಾಯದಂತೆ, ಒಂದು ಕಟ್ಟು ಕಳೆದುಹೋದರೆ ಕಳುಹಿಸುವವನು ಕೈ ಹಿಂದೆಳೆಯಬೇಕು. ವಿಚಿತ್ರವೆಂದರೆ, ಮುಂದೆ ಉಗ್ರಾಣಗಳು ದೊಡ್ಡವಾದಂತೆ ಏನೂ ಬೇಗ ಕಳೆದುಹೋಗದಾಯಿತು. ಎಚ್ಚರಿಕೆ ತಲುಪುವಷ್ಟರಲ್ಲಿ ಸಾಲು ಬೆಳೆದಿರುತ್ತಿತ್ತು. ಔದಾರ್ಯವೂ ಅಪಕಾರವಾಗುವುದೆಂದರೆ ಹೀಗೆ! 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ ಸಾಲಿನ ಉದ್ದವನ್ನು ಬಿಟ್ಟು ಕಾದ ಹೊತ್ತನ್ನು ಅಳೆದರು. ಕಾಯುವಿಕೆ 100 ಮಿಲಿಸೆಕೆಂಡಿನವರೆಗೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದು ಕಟ್ಟನ್ನು ಬೇಕೆಂದೇ ಕೈಬಿಡುವುದು. ಕಳುಹಿಸುವವನಿಗೆ ಅದೇ ಸೂಚನೆ.

ನಮ್ಮ ಪೆಟ್ಟಿಗೆಯಲ್ಲಿ ಆ ಏರ್ಪಾಡು ಇರಲಿಲ್ಲ. ಮಗನು ವಿಡಿಯೋ ಕಳುಹಿಸುವ ವೇಗಕ್ಕೆ ದಾರಿಯ ಶಕ್ತಿಗಿಂತ ತುಸು ಕಡಿಮೆ ಮಿತಿ ಹಾಕಿದನು. ಮದುವೆಯ ಚಿತ್ರ ತಲುಪುವುದು ಸ್ವಲ್ಪ ತಡವಾಯಿತು, ನಿಜ. ನಾನು ಮತ್ತೆ ಕೇಳಿದೆ. "ಉಂಡಾಳಣ್ಣ, ಅರ್ಧ ರೊಟ್ಟಿ," ಎಂದಳು ತಂಗಿ, ಆ ಕ್ಷಣವೇ.